ಬಳಕೆದಾರರ ಒಪ್ಪಿಗೆ: ಕೇಳುವುದು, ದಾಖಲಿಸುವುದು, ಹಿಂದಿರುಗಿಸುವುದು – ಸಣ್ಣ ಆನ್‌ಲೈನ್ ಉದ್ಯಮಗಳಿಗೆ ಸಮಗ್ರ ಮಾರ್ಗದರ್ಶಿ

"ಮುಂದುವರಿಯುವ ಮೂಲಕ ನೀವು ನಮ್ಮ ಎಲ್ಲ ನಿಯಮ ಮತ್ತು ಷರತ್ತುಗಳಿಗೆ ಒಪ್ಪಿದ್ದೀರಿ" ಎಂಬ ಸಾಲನ್ನು ಜಾಲತಾಣದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಾಕಿಬಿಟ್ಟರೆ ಗ್ರಾಹಕರ ಒಪ್ಪಿಗೆ ಸಿಕ್ಕಿತೆಂದು ನಂಬಿರುವ ವ್ಯಾಪಾರಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ನಂಬಿಕೆಗೆ ಜಾಗ ಕೊಡುವುದಿಲ್ಲ. ಕಾಯ್ದೆಯ 6ನೇ ಕಲಂ ಪ್ರಕಾರ ಒಪ್ಪಿಗೆಯು ಬಲವಂತವಿಲ್ಲದೆ ಕೊಟ್ಟದ್ದು, ಒಂದು ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾದದ್ದು, ವಿಷಯ ತಿಳಿದುಕೊಂಡು ಕೊಟ್ಟದ್ದು, ಬೇರೆ ಷರತ್ತಿಗೆ ಕಟ್ಟಿಹಾಕದ್ದು ಮತ್ತು ಗೊಂದಲಕ್ಕೆ ಎಡೆಯಿಲ್ಲದ್ದು ಆಗಿರಬೇಕು; ಅದು ಗ್ರಾಹಕರು ತಾವಾಗಿಯೇ ಮಾಡಿದ ಒಂದು ಸ್ಪಷ್ಟ ಕ್ರಿಯೆಯ ಮೂಲಕ ವ್ಯಕ್ತವಾಗಿರಬೇಕು. ಸುಮ್ಮನಿರುವುದು ಕ್ರಿಯೆಯಲ್ಲ, ಪುಟವನ್ನು ಮುಂದಕ್ಕೆ ಸರಿಸುವುದೂ ಒಪ್ಪಿಗೆಯ ಕ್ರಿಯೆಯಲ್ಲ.

ಈ ಕಾಯ್ದೆಯ ಹಿಂದೆ ಕರ್ನಾಟಕದವರೇ ಆದ ಹಿರಿಯರೊಬ್ಬರ ಹೋರಾಟವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿಯೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. 2023ರ ಆಗಸ್ಟ್ 11ರಂದು ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ, ಸೂಚನಾಪತ್ರ (ಯಾವ ಮಾಹಿತಿ ಏಕೆ ಬೇಕೆಂದು ಗ್ರಾಹಕರಿಗೆ ತಿಳಿಸುವ ಪತ್ರ), ಗ್ರಾಹಕರ ಹಕ್ಕುಗಳು ಮೊದಲಾದ ಮುಖ್ಯ ಭಾಗಗಳಿಗೆ ಆ ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಲೆಕ್ಕದಲ್ಲಿ 2027ರ ಮೇ ತಿಂಗಳ ಹೊತ್ತಿಗೆ ನಿಮ್ಮ ವ್ಯವಸ್ಥೆ ಸಿದ್ಧವಾಗಿರಬೇಕು. ಇದು ದೀರ್ಘಾವಧಿಯಂತೆ ಕಾಣುತ್ತದೆ. ಕೆಲಸಕ್ಕೆ ಕುಳಿತ ಮೇಲೆ ಹಾಗೆ ಅನಿಸುವುದಿಲ್ಲ.

ಬರಿಯ ಸೂತ್ರಗಳನ್ನು ಹೇಳುವುದಕ್ಕಿಂತ ಒಂದು ಕಲ್ಪಿತ ಅಂಗಡಿಯನ್ನು ಮುಂದಿಟ್ಟುಕೊಳ್ಳೋಣ. ಶಿರಸಿಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಮತ್ತು ಜೇನುತುಪ್ಪವನ್ನು ತಮ್ಮ ಜಾಲತಾಣದ ಮೂಲಕವೂ ವಾಟ್ಸ್‌ಆ್ಯಪ್ ಮೂಲಕವೂ ಮಾರುತ್ತಾರೆ. ಕಾಯ್ದೆಯ ಭಾಷೆಯಲ್ಲಿ ಅವರು 'ಡೇಟಾ ಫಿಡ್ಯೂಷಿಯರಿ', ಅಂದರೆ ಇನ್ನೊಬ್ಬರ ಮಾಹಿತಿಯನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು. ಅಂಗಡಿ ಚಿಕ್ಕದೆಂಬ ಕಾರಣಕ್ಕೆ ಈ ಹೊಣೆ ತಾನಾಗಿ ತಪ್ಪಿಹೋಗುವುದಿಲ್ಲ.

ಮೊದಲ ಹೆಜ್ಜೆ: ಯಾವ ಮಾಹಿತಿ ಎಲ್ಲಿದೆ ಎಂದು ಪಟ್ಟಿ ಮಾಡಿ

ಒಂದು ಉದ್ದನೆಯ ಹಾಳೆ ತೆಗೆದುಕೊಂಡು, ಗ್ರಾಹಕರಿಂದ ಪಡೆಯುವ ಪ್ರತಿಯೊಂದು ವಿವರವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ: ಹೆಸರು, ಫೋನ್ ಸಂಖ್ಯೆ, ವಿಳಾಸ, ಇಮೇಲ್, ಹುಟ್ಟಿದ ದಿನಾಂಕ. ಪ್ರತಿಯೊಂದರ ಎದುರಿಗೆ ಅದನ್ನು ಏಕೆ ಪಡೆಯುತ್ತಿದ್ದೀರಿ, ಎಲ್ಲೆಲ್ಲಿ ಇಟ್ಟಿದ್ದೀರಿ, ಯಾರ ಕೈಗೆ ಕೊಡುತ್ತೀರಿ ಎಂಬುದನ್ನು ಬರೆಯಿರಿ. ಎಲ್ಲೆಲ್ಲಿ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದೇ ಇಲ್ಲಿ ಕಷ್ಟದ ಕೆಲಸ. ಜಾಲತಾಣದ ಡೇಟಾಬೇಸ್ ಎಲ್ಲರಿಗೂ ನೆನಪಿರುತ್ತದೆ. ಪಾರ್ಸೆಲ್ ಕಟ್ಟುವ ಹುಡುಗನ ಫೋನಿನಲ್ಲಿರುವ ವಿಳಾಸದ ಫೋಟೋಗಳು, ಲೆಕ್ಕಪತ್ರ ನೋಡುವವರಿಗೆ ಕಳುಹಿಸಿದ ಎಕ್ಸೆಲ್ ಹಾಳೆ, ಕಳೆದ ದೀಪಾವಳಿಯಲ್ಲಿ ಮಾಡಿದ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿ, ಕೊರಿಯರ್ ಸಂಸ್ಥೆಯ ಪೋರ್ಟಲ್ ಇವು ನೆನಪಾಗುವುದು ಕೆದಕಿ ಕೇಳಿದ ಮೇಲೆ. ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ.

ಪಟ್ಟಿ ಮುಗಿದ ಮೇಲೆ 'ಏಕೆ' ಎಂಬ ಅಂಕಣ ಖಾಲಿ ಉಳಿದ ಸಾಲುಗಳನ್ನು ಹೊಡೆದುಹಾಕಿ. ಉಪ್ಪಿನಕಾಯಿ ಕೊಳ್ಳುವವರ ಹುಟ್ಟಿದ ದಿನಾಂಕ ಅಂಗಡಿಗೆ ಏಕೆ ಬೇಕು? "ಮುಂದೆ ಎಂದಾದರೂ ಬೇಕಾಗಬಹುದು" ಎಂಬುದು ಉತ್ತರವಾಗುವುದಿಲ್ಲ. ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆಯ ಬಲವಿರುತ್ತದೆ. ಕಾಯ್ದೆ ತಾನೇ ಒಂದು ದೃಷ್ಟಾಂತ ಕೊಡುತ್ತದೆ: ದೂರವೈದ್ಯ ಸೇವೆಯ ಆ್ಯಪ್ ಒಂದು ಚಿಕಿತ್ಸೆಯ ಜೊತೆಗೆ ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳ ಪಟ್ಟಿಗೂ ಒಪ್ಪಿಗೆ ಕೇಳಿ, ಬಳಕೆದಾರರು ಎರಡಕ್ಕೂ ಹೂಂ ಎಂದರೂ, ಆ ಪಟ್ಟಿ ವೈದ್ಯ ಸೇವೆಗೆ ಅಗತ್ಯವಿಲ್ಲದ ಕಾರಣ ಒಪ್ಪಿಗೆ ಚಿಕಿತ್ಸೆಗಷ್ಟೇ ಸೀಮಿತವಾಗುತ್ತದೆ. ಗ್ರಾಹಕರು ಒಪ್ಪಿದರೂ ಸಿಗದ ಹಕ್ಕುಗಳು ಇವೆ ಎಂಬ ಈ ಅಂಶವನ್ನು ವ್ಯಾಪಾರಿಗಳು ಮನಸ್ಸಿಗೆ ತಂದುಕೊಳ್ಳಬೇಕು.

ಎರಡನೆಯ ಹೆಜ್ಜೆ: ಒಪ್ಪಿಗೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಬೇರ್ಪಡಿಸಿ

ಎಲ್ಲದಕ್ಕೂ ಬಾಕ್ಸ್ ತೋರಿಸಿ ಟಿಕ್ ಹಾಕಿಸಿಕೊಳ್ಳುವುದು ಜಾಣತನವೆಂದು ಕೆಲವರು ಭಾವಿಸುತ್ತಾರೆ. ಅದರಿಂದ ಜನರಿಗೆ ಓದದೆಯೇ ಟಿಕ್ ಹಾಕುವ ರೂಢಿಯಾಗುತ್ತದೆ, ಅಷ್ಟೇ. 7ನೇ ಕಲಂ ಕೆಲವು ನ್ಯಾಯಸಮ್ಮತ ಬಳಕೆಗಳನ್ನು ಗುರುತಿಸಿ, ಅವಕ್ಕೆ ಪ್ರತ್ಯೇಕ ಒಪ್ಪಿಗೆ ಬೇಡವೆನ್ನುತ್ತದೆ. ಜೀವಕ್ಕೆ ಅಪಾಯವಿರುವ ವೈದ್ಯಕೀಯ ತುರ್ತು, ವಿಪತ್ತು ನಿರ್ವಹಣೆ, ನ್ಯಾಯಾಲಯದ ಆದೇಶದ ಪಾಲನೆ, ಉದ್ಯೋಗಕ್ಕೆ ಸಂಬಂಧಿಸಿದ ಕೆಲವು ಉದ್ದೇಶಗಳು ಅವುಗಳಲ್ಲಿ ಸೇರಿವೆ. ಅಂಗಡಿಗಳಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಆ ಕಲಂನಲ್ಲಿ ಎಲ್ಲಕ್ಕಿಂತ ಮೊದಲು ಹೇಳಿರುವ ಇನ್ನೊಂದು ಬಳಕೆ: ಗ್ರಾಹಕರು ಒಂದು ಉದ್ದೇಶಕ್ಕಾಗಿ ತಾವಾಗಿಯೇ ಮಾಹಿತಿ ಕೊಟ್ಟು, ಅದರ ಬಳಕೆಗೆ ಬೇಡವೆಂದು ಸೂಚಿಸದಿದ್ದರೆ ಆ ಉದ್ದೇಶಕ್ಕೆ ಅದನ್ನು ಬಳಸಬಹುದು. ಔಷಧದ ಅಂಗಡಿಯಲ್ಲಿ ಹಣ ಕೊಟ್ಟವರು ರಸೀದಿಯನ್ನು ಫೋನಿಗೆ ಕಳುಹಿಸಿ ಎಂದು ಕೇಳಿ ಸಂಖ್ಯೆ ಕೊಟ್ಟರೆ, ರಸೀದಿ ಕಳುಹಿಸಲು ಬೇರೆ ಒಪ್ಪಿಗೆ ಕೇಳಬೇಕಿಲ್ಲ. ಅದೇ ಸಂಖ್ಯೆಗೆ ನಾಳೆ ರಿಯಾಯಿತಿಯ ಸಂದೇಶ ಕಳುಹಿಸಿದರೆ ಗೆರೆ ದಾಟಿದಂತೆ.

ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ನೋಡಿ ಬರೆದ ಮಾದರಿಗಳನ್ನು ನಕಲು ಮಾಡುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು. ಅಲ್ಲಿ ಒಪ್ಪಂದದ ಪಾಲನೆ ಮತ್ತು ಸಂಸ್ಥೆಯ ನ್ಯಾಯಸಮ್ಮತ ಹಿತಾಸಕ್ತಿ ಎಂಬ ಎರಡು ಪ್ರತ್ಯೇಕ ಆಧಾರಗಳಿವೆ. ನಮ್ಮ ಕಾಯ್ದೆಯಲ್ಲಿ ಆ ರೂಪದ ಆಧಾರಗಳಿಲ್ಲ. ಹಾಗಾಗಿ ಆ ಮಾದರಿಯ ಗೌಪ್ಯತಾ ನೀತಿಯನ್ನು ಹಾಗೆಯೇ ತಂದು ಅಂಟಿಸಿಕೊಂಡರೆ, ಇಲ್ಲದ ಆಧಾರದ ಮೇಲೆ ನಿಂತಂತಾಗುತ್ತದೆ.

ಮೂರನೆಯ ಹೆಜ್ಜೆ: ಸೂಚನಾಪತ್ರವನ್ನು ಕನ್ನಡದಲ್ಲಿ ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಒಪ್ಪಿಗೆ ಕೇಳುವಾಗ ಅಥವಾ ಅದಕ್ಕೂ ಮೊದಲು ಸೂಚನಾಪತ್ರ ಕೊಡಬೇಕು. ಅದನ್ನು ಬೇರೆ ಯಾವ ದಾಖಲೆಯ ನೆರವಿಲ್ಲದೆ ಓದಿ ಅರ್ಥಮಾಡಿಕೊಳ್ಳುವಂತಿರಬೇಕು; ಅಂದರೆ ಹದಿನೆಂಟು ಪುಟದ ಷರತ್ತುಗಳ ನಡುವೆ ಹೂತಿಡುವಂತಿಲ್ಲ. ಯಾವ ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಅದರಿಂದ ಸಿಗುವ ಸರಕು ಅಥವಾ ಸೇವೆ ಏನು ಎಂಬುದನ್ನು ಬಿಡಿಬಿಡಿಯಾಗಿ ಹೇಳಬೇಕು. ಒಪ್ಪಿಗೆ ಹಿಂಪಡೆಯುವ, ಹಕ್ಕು ಚಲಾಯಿಸುವ ಮತ್ತು ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವ ದಾರಿಯನ್ನು ತೋರಿಸಬೇಕು. ಇದೆಲ್ಲವನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು. ಕನ್ನಡದಲ್ಲಿ ಸೂಚನೆ ಪಡೆಯುವುದು ಇನ್ನು ಮುಂದೆ ವ್ಯಾಪಾರಿಯ ಔದಾರ್ಯವಲ್ಲ, ಗ್ರಾಹಕರಿಗೆ ಕಾಯ್ದೆ ಕೊಟ್ಟಿರುವ ಆಯ್ಕೆ.

ನನ್ನ ಸಲಹೆಯೆಂದರೆ, ಸೂಚನಾಪತ್ರವನ್ನು ಮೊದಲು ಕನ್ನಡದಲ್ಲಿಯೇ ಬರೆದು, ಆಮೇಲೆ ಇಂಗ್ಲಿಷಿಗೆ ತನ್ನಿ. ಇದು ಭಾಷಾಭಿಮಾನದ ಮಾತು ಮಾತ್ರವಲ್ಲ, ಕೆಲಸದ ಅನುಭವದಿಂದ ಕಂಡುಕೊಂಡ ಒಂದು ಪರೀಕ್ಷೆ. ಇಂಗ್ಲಿಷ್ ಪತ್ರಗಳಲ್ಲಿ ಉದ್ದೇಶದ ಜಾಗದಲ್ಲಿ ಬರುವ ಮಾತನ್ನು ಕನ್ನಡಕ್ಕೆ ತಂದಾಗ "ಬಳಕೆದಾರರ ಅನುಭವವನ್ನು ಉತ್ತಮಗೊಳಿಸಲು" ಎಂದಾಗುತ್ತದೆ. ಇದನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತ ಗ್ರಾಹಕರಿಗೆ ಓದಿ ಹೇಳಿ ನೋಡಿ. "ಅಂದರೆ ನನ್ನ ನಂಬರಿನಿಂದ ಏನು ಮಾಡುತ್ತೀರಿ?" ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ನೀವು ಕೊಡುವ ಉತ್ತರವೇ ನಿಜವಾದ ಉದ್ದೇಶ, ಅದನ್ನೇ ಬರೆಯಬೇಕು. ಉತ್ತರ ಹೊಳೆಯದಿದ್ದರೆ ಉದ್ದೇಶ ನಿಮಗೇ ತಿಳಿದಿಲ್ಲವೆಂದಾಯಿತು, ಆ ಮಾಹಿತಿಯನ್ನು ಕೇಳಬೇಡಿ.

ನಮ್ಮ ಶಿರಸಿಯ ಅಂಗಡಿಯ ಪತ್ರ ಹೀಗಿರಬಹುದು:

"ನೀವು ಕೇಳಿದ ಪದಾರ್ಥಗಳನ್ನು ಮನೆಗೆ ತಲುಪಿಸಲು ನಿಮ್ಮ ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ಬಳಸುತ್ತೇವೆ, ಈ ಮೂರನ್ನು ಕೊರಿಯರ್ ಸಂಸ್ಥೆಗೆ ಕೊಡುತ್ತೇವೆ. ನೀವು ಬೇರೆಯಾಗಿ ಒಪ್ಪಿದರೆ ಮಾತ್ರ, ಹೊಸ ಹಂಗಾಮಿನ ಉಪ್ಪಿನಕಾಯಿ ಸಿದ್ಧವಾದಾಗ ಇದೇ ಸಂಖ್ಯೆಗೆ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುತ್ತೇವೆ. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಕಳುಹಿಸುವುದಿಲ್ಲ. ಸಂದೇಶಕ್ಕೆ ಒಪ್ಪದಿದ್ದರೂ ಪದಾರ್ಥ ಕೊಳ್ಳಲು ಅಡ್ಡಿಯಿಲ್ಲ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು: ಜಾಲತಾಣದ 'ನನ್ನ ಒಪ್ಪಿಗೆ' ಪುಟದಲ್ಲಿ ಗುಂಡಿ ಒತ್ತಿ, ಅಥವಾ ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ 'ಬೇಡ' ಎಂದು ಬರೆಯಿರಿ. ನಿಮ್ಮ ಮಾಹಿತಿಯನ್ನು ನೋಡಲು, ತಿದ್ದಿಸಲು, ಅಳಿಸಲು ಅಲ್ಲಿಯೇ ಕೇಳಬಹುದು. ನಮ್ಮ ಉತ್ತರದಿಂದ ಸಮಾಧಾನವಾಗದಿದ್ದರೆ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು."

ಇದರ ಕೆಳಗೆ ಆಯಾ ಪುಟಗಳ ಕೊಂಡಿಗಳನ್ನೂ, ಪ್ರಶ್ನೆಗಳಿಗೆ ಉತ್ತರಿಸುವವರ ಸಂಪರ್ಕ ವಿವರವನ್ನೂ ಹಾಕಿ. ಒಂದು ಫೋನ್ ಪರದೆಯಲ್ಲಿ ಹಿಡಿಯುವಷ್ಟೇ ಇದೆ ಎಂಬುದನ್ನು ಗಮನಿಸಿ. ಇಂಗ್ಲಿಷ್ ಪಠ್ಯವನ್ನು ಯಂತ್ರಾನುವಾದಕ್ಕೆ ಕೊಟ್ಟು ಬಂದದ್ದನ್ನು ಓದದೆ ಅಂಟಿಸಬೇಡಿ. ಎರಡು ಭಾಷೆಯ ಪಠ್ಯಗಳು ಬೇರೆ ಬೇರೆ ಅರ್ಥ ಕೊಟ್ಟರೆ, ಗ್ರಾಹಕರು ಯಾವುದಕ್ಕೆ ಒಪ್ಪಿದರು ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಇನ್ನೊಂದು ಮಾತು. "ಯಾವ ದೂರನ್ನೂ ಮಂಡಳಿಗೆ ಕೊಂಡೊಯ್ಯುವುದಿಲ್ಲ ಎಂದು ಒಪ್ಪುತ್ತೇನೆ" ಎಂಬಂತಹ ಸಾಲುಗಳನ್ನು ಸೇರಿಸುವುದು ವ್ಯರ್ಥ. ಕಾಯ್ದೆಗೆ ವಿರುದ್ಧವಾದ ಭಾಗದ ಮಟ್ಟಿಗೆ ಒಪ್ಪಿಗೆ ಅಸಿಂಧು ಎಂದು 6ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಕೇಳುವ ರೀತಿಯನ್ನು ಸರಿಪಡಿಸಿ

ಪ್ರತಿ ಉದ್ದೇಶಕ್ಕೂ ಬೇರೆ ಬಾಕ್ಸ್ ಇರಲಿ ಮತ್ತು ಅದು ಖಾಲಿ ಇರಲಿ. ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಗ್ರಾಹಕರ ಕ್ರಿಯೆಯೇ ಅಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಪ್ಲಾನೆಟ್49 ಪ್ರಕರಣದಲ್ಲಿ ಅಂತಹ ಬಾಕ್ಸನ್ನು ಒಪ್ಪಿಗೆಯೆಂದು ಪರಿಗಣಿಸಲಾಗದು ಎಂದಿತು, ನಮ್ಮ ಕಾಯ್ದೆಯ ಮಾತುಗಳೂ ಅದೇ ದಿಕ್ಕಿನಲ್ಲಿವೆ. 'ಒಪ್ಪುತ್ತೇನೆ' ಎಂಬುದು ದೊಡ್ಡ ಹಸಿರು ಗುಂಡಿಯಾಗಿ, 'ಬೇಡ' ಎಂಬುದು ಕಣ್ಣಿಗೆ ಬೀಳದ ಬೂದು ಅಕ್ಷರವಾಗಿ ಇರುವಂತೆ ಪುಟವನ್ನು ರೂಪಿಸುವುದು ಗ್ರಾಹಕರ ಕೈಹಿಡಿದು ಸಹಿ ಹಾಕಿಸಿದಂತೆಯೇ. ಎರಡೂ ಗುಂಡಿಗಳು ಒಂದೇ ಗಾತ್ರದಲ್ಲಿ ಅಕ್ಕಪಕ್ಕದಲ್ಲಿರಲಿ.

ಫೋನಿನಲ್ಲಿ ಬರುವ ಆರ್ಡರುಗಳ ಬಗ್ಗೆ ಯೋಚಿಸದ ಅಂಗಡಿಗಳೇ ಹೆಚ್ಚು. ಫೋನೆತ್ತುವವರಿಗೆ ಎರಡು ಸಾಲು ಬರೆದು ಕೊಡಿ: "ಪಾರ್ಸೆಲ್ ಕಳುಹಿಸಲು ನಿಮ್ಮ ವಿಳಾಸ ಬರೆದುಕೊಳ್ಳುತ್ತೇನೆ. ಹೊಸ ಮಾಲು ಬಂದಾಗ ತಿಳಿಸಬೇಕೆಂದರೆ ನಾನು ಈಗ ಕಳುಹಿಸುವ ಸಂದೇಶ ಓದಿ, 'ಒಪ್ಪಿಗೆ' ಎಂದು ಉತ್ತರಿಸಿ, ಬೇಡವಾದರೆ ಬಿಟ್ಟುಬಿಡಿ." ಆ ಸಂದೇಶದಲ್ಲಿ ಸೂಚನಾಪತ್ರವಿರಬೇಕು. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲವೆಂದೇ ತಿಳಿಯಬೇಕು. ಪ್ರಚಾರದ ಎಸ್‌ಎಂಎಸ್ ಕಳುಹಿಸುವವರು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯನ್ನೂ ಪ್ರತ್ಯೇಕವಾಗಿ ಪಾಲಿಸಬೇಕು. ಒಂದರ ಪಾಲನೆಯಿಂದ ಇನ್ನೊಂದರ ಹೊಣೆ ತೀರುವುದಿಲ್ಲ.

ಐದನೆಯ ಹೆಜ್ಜೆ: ರುಜುವಾತು ಇಟ್ಟುಕೊಳ್ಳಿ

ವಿವಾದ ಎದ್ದಾಗ, ಸೂಚನೆ ಕೊಟ್ಟಿದ್ದೆವು ಮತ್ತು ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆದಿದ್ದೆವು ಎಂದು ತೋರಿಸುವ ಭಾರ ನಿಮ್ಮ ಮೇಲಿರುತ್ತದೆ. ಗ್ರಾಹಕರು ತಾವು ಒಪ್ಪಿರಲಿಲ್ಲವೆಂದು ಸಾಬೀತುಪಡಿಸಬೇಕಾಗಿಲ್ಲ. ಹೀಗಾಗಿ ಡೇಟಾಬೇಸಿನಲ್ಲಿ 'ಹೌದು' ಅಥವಾ 'ಇಲ್ಲ' ಎಂಬ ಒಂದು ಅಂಕಣ ಸಾಲದು. ಒಂದು ಸಾಲನ್ನು ಹತ್ತಿರದಿಂದ ನೋಡೋಣ:

"ಗ್ರಾಹಕ ಸಂಖ್ಯೆ 1042. ಉದ್ದೇಶ: ಹಂಗಾಮಿನ ಸಂದೇಶ. ತೋರಿಸಿದ ಸೂಚನಾಪತ್ರ: ಕನ್ನಡ, 3ನೇ ಆವೃತ್ತಿ. ಸಮಯ: 9 ಮಾರ್ಚ್ 2026, ಬೆಳಿಗ್ಗೆ 10.42. ಕ್ರಿಯೆ: ಖಾಲಿ ಬಾಕ್ಸಿಗೆ ಗ್ರಾಹಕರು ಟಿಕ್ ಹಾಕಿದರು. ಜಾಗ: ಜಾಲತಾಣ, ಹಣ ಪಾವತಿಯ ಪುಟ."

ಆವೃತ್ತಿಯ ಸಂಖ್ಯೆ ಇಲ್ಲಿ ಪ್ರಾಣವಿದ್ದಂತೆ. ಸೂಚನಾಪತ್ರವನ್ನು ತಿದ್ದಿದಾಗಲೆಲ್ಲ ಹಳೆಯ ಪಠ್ಯವನ್ನು ದಿನಾಂಕದೊಂದಿಗೆ ಜೋಪಾನವಾಗಿಡಿ, ಏಕೆಂದರೆ 1042ನೇ ಗ್ರಾಹಕರು ಒಪ್ಪಿದ್ದು ಮೂರನೆಯ ಆವೃತ್ತಿಗೆ. ನೀವು ಆಮೇಲೆ ನಾಲ್ಕನೆಯದರಲ್ಲಿ ಹೊಸ ಉದ್ದೇಶ ಸೇರಿಸಿದರೆ ಅವರ ಹಳೆಯ ಒಪ್ಪಿಗೆ ಅದನ್ನು ಒಳಗೊಳ್ಳುವುದಿಲ್ಲ, ಹೊಸದಾಗಿ ಕೇಳಬೇಕು. ದಾಖಲೆಯ ಸಾಲನ್ನು ಎಂದೂ ಅಳಿಸಿ ತಿದ್ದಬಾರದು. ಒಪ್ಪಿಗೆ ಹಿಂಪಡೆದರೆ ಅದು ಇನ್ನೊಂದು ಹೊಸ ಸಾಲಾಗಿ ಕೆಳಗೆ ಸೇರಬೇಕು, ಖಾತೆ ಪುಸ್ತಕದಲ್ಲಿ ಜಮೆಯ ಕೆಳಗೆ ಖರ್ಚು ಬರೆಯುವಂತೆ. ದಿನಕ್ಕೆ ಹತ್ತು ಆರ್ಡರ್ ಇರುವ ಅಂಗಡಿಗೆ ದುಬಾರಿ ತಂತ್ರಾಂಶ ಬೇಕಿಲ್ಲ; ಪಾಸ್‌ವರ್ಡ್ ಇರುವ, ಇಬ್ಬರಿಗಷ್ಟೇ ಪ್ರವೇಶವಿರುವ, ಬದಲಾವಣೆಯ ಇತಿಹಾಸ ಉಳಿಯುವ ಒಂದು ಹಾಳೆಯಿಂದ ಆರಂಭಿಸಬಹುದು.

ಆರನೆಯ ಹೆಜ್ಜೆ: ಹಿಂಪಡೆಯುವ ದಾರಿ

ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು ಎಂಬುದು ಕಾಯ್ದೆಯ ನಿಯಮ. ಒಂದು ಟಿಕ್ಕಿನಿಂದ ಪಡೆದ ಒಪ್ಪಿಗೆಯನ್ನು ಹಿಂದಿರುಗಿಸಲು ಇಮೇಲ್ ಬರೆಯಿರಿ, ಗುರುತಿನ ಚೀಟಿ ಕಳುಹಿಸಿ, ಕಾರಣ ತಿಳಿಸಿ ಎನ್ನುವಂತಿಲ್ಲ. ನನ್ನ ಫೋನಿಗೆ ಪ್ರತಿ ವಾರ ಸಂದೇಶ ಕಳುಹಿಸುತ್ತಿದ್ದ ಒಂದು ಸಂಸ್ಥೆಯ ಪಟ್ಟಿಯಿಂದ ಹೊರಬರಲು ನಾನು ಏಳು ಪುಟಗಳನ್ನು ದಾಟಬೇಕಾಯಿತು, ಸೇರಲು ಸಾಕಾದದ್ದು ಒಂದು ಗುಂಡಿ. ನಿಮ್ಮ ಗ್ರಾಹಕರನ್ನು ಹೀಗೆ ದಣಿಸಬೇಡಿ.

'ಬೇಡ' ಎಂಬ ಸಂದೇಶ ಬಂದ ಮೇಲೆ ಅಂಗಡಿಯ ಒಳಗೆ ಏನಾಗಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸಮಂಜಸವಾದ ಅವಧಿಯೊಳಗೆ ನೀವೂ ನಿಲ್ಲಿಸಬೇಕು, ನಿಮ್ಮ ಪರವಾಗಿ ಮಾಹಿತಿ ಬಳಸುವ ಕೊರಿಯರ್, ಸಂದೇಶ ಕಳುಹಿಸುವ ಸಂಸ್ಥೆ ಮೊದಲಾದವರನ್ನೂ ನಿಲ್ಲಿಸುವಂತೆ ಮಾಡಬೇಕು. ಕಾಯ್ದೆ ಇಷ್ಟೇ ದಿನವೆಂದು ಹೇಳದಿರುವುದರಿಂದ, ಏಳು ದಿನವೆಂದು ನೀವೇ ಗಡುವು ಹಾಕಿಕೊಂಡು ಸೂಚನಾಪತ್ರದಲ್ಲಿ ನಮೂದಿಸುವುದು ಒಳ್ಳೆಯದು. ಈ ಸಂಸ್ಥೆಗಳೊಂದಿಗೆ ಸಿಂಧುವಾದ ಒಪ್ಪಂದ ಇರಲೇಬೇಕು. ಆ ಒಪ್ಪಂದದಲ್ಲಿ, ತಿಳಿಸಿದ ಕೂಡಲೇ ಬಳಕೆ ನಿಲ್ಲಿಸಿ ಅಳಿಸುವ ಷರತ್ತು ಸೇರಿರಲಿ.

ಇಲ್ಲಿ ಎರಡು ವಿಷಯಗಳಲ್ಲಿ ಜನ ಎಡವುತ್ತಾರೆ. ಒಂದು, ಹಿಂಪಡೆಯುವಿಕೆ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ಗ್ರಾಹಕರು ಹಣ ಕೊಟ್ಟು ಆರ್ಡರ್ ಮಾಡಿ, ಪಾರ್ಸೆಲ್ ದಾರಿಯಲ್ಲಿರುವಾಗ ಒಪ್ಪಿಗೆ ಹಿಂಪಡೆದರೆ, ಹೊಸ ಆರ್ಡರ್ ಪಡೆಯುವುದನ್ನು ನಿಲ್ಲಿಸಬಹುದು. ಆದರೆ ಆಗಲೇ ಒಪ್ಪಿಕೊಂಡ ಸರಕನ್ನು ತಲುಪಿಸಲು ಬೇಕಾದ ಮಾಹಿತಿಯನ್ನು ಬಳಸಿ ಆ ಕೆಲಸ ಮುಗಿಸಬೇಕು. ಇನ್ನೊಂದು, ಅಳಿಸುವ ಕರ್ತವ್ಯಕ್ಕೆ ಬೇರೆ ಕಾನೂನುಗಳ ಮಿತಿ ಇದೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯು ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಉಳಿಸಬೇಕು. ಗ್ರಾಹಕರು ಅಳಿಸಿ ಎಂದರೂ ಬಿಲ್ಲನ್ನು ಹರಿದುಹಾಕುವಂತಿಲ್ಲ. ಹೊಸ ನಿಯಮಗಳು ಮಾಹಿತಿಯನ್ನು ಯಾರು, ಯಾವಾಗ ಬಳಸಿದರೆಂದು ದಾಖಲಿಸುವ ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದೂ ಹೇಳುತ್ತವೆ. ಆದ್ದರಿಂದ ಪ್ರಚಾರದ ಪಟ್ಟಿಯಿಂದ ಹೆಸರು ಕೂಡಲೇ ಹೋಗಲಿ, ಬಿಲ್ಲು ಮತ್ತು ಲಾಗ್ ಬೀಗ ಹಾಕಿದ ಪೆಟ್ಟಿಗೆಯಲ್ಲಿರುವಂತೆ ಪ್ರತ್ಯೇಕವಾಗಿ ಉಳಿಯಲಿ ಮತ್ತು ಹಾಗೆ ಉಳಿಸಿದ್ದೇಕೆ ಎಂಬುದನ್ನು ಗ್ರಾಹಕರಿಗೆ ಒಂದು ಸಾಲಿನಲ್ಲಿ ತಿಳಿಸಿ.

ಮಕ್ಕಳ ಮಾಹಿತಿ

18 ವರ್ಷ ತುಂಬದವರೆಲ್ಲರೂ ಈ ಕಾಯ್ದೆಯಲ್ಲಿ ಮಕ್ಕಳು. ಟ್ಯೂಷನ್ ಕೇಂದ್ರಗಳು, ಸಂಗೀತ ಶಾಲೆಗಳು, ಮಕ್ಕಳ ಆಟದ ಆ್ಯಪ್ ಮಾಡುವವರು ತಂದೆತಾಯಿ ಅಥವಾ ಕಾನೂನುಬದ್ಧ ಪೋಷಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು. "ನಾನು ಪೋಷಕ" ಎಂದು ಮಗುವೇ ಟಿಕ್ ಹಾಕಿದರೆ ಅದು ಪರಿಶೀಲನೆಯಾಗುವುದಿಲ್ಲ. ಒಪ್ಪಿಗೆ ಕೊಡುತ್ತಿರುವವರು ವಯಸ್ಕರೆಂಬುದನ್ನು ನಿಮ್ಮಲ್ಲಿ ಈಗಾಗಲೇ ಇರುವ ವಿಶ್ವಾಸಾರ್ಹ ದಾಖಲೆಯಿಂದ, ಅವರಾಗಿಯೇ ಕೊಟ್ಟ ಗುರುತಿನ ವಿವರದಿಂದ, ಇಲ್ಲವೇ ಡಿಜಿಲಾಕರ್‌ನಂತಹ ಸೇವೆಯ ಮೂಲಕ ಬರುವ, ಗುರುತು ಮತ್ತು ವಯಸ್ಸನ್ನು ದೃಢಪಡಿಸುವ ಡಿಜಿಟಲ್ ಟೋಕನ್‌ನಿಂದ ಖಚಿತಪಡಿಸಿಕೊಳ್ಳಬಹುದು. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಸೀಮಿತ ವಿನಾಯಿತಿ ಇದೆ. ಅದನ್ನು ಜಾಹೀರಾತಿಗೆ ಹಿಗ್ಗಿಸುವಂತಿಲ್ಲ. ಮಕ್ಕಳಿಗೆ ಸಂಬಂಧಿಸಿದ ಕರ್ತವ್ಯ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಇತರ ಬಹುತೇಕ ಉಲ್ಲಂಘನೆಗಳಿಗೆ 50 ಕೋಟಿ ರೂಪಾಯಿವರೆಗೆ ದಂಡವಿದೆ.

ಹಳೆಯ ಗ್ರಾಹಕರು ಮತ್ತು ದೂರುಗಳು

ಕಾಯ್ದೆ ಜಾರಿಗೆ ಬರುವ ಮೊದಲೇ ಒಪ್ಪಿಗೆ ಕೊಟ್ಟಿದ್ದವರ ಮಾಹಿತಿಯನ್ನು ಏಕಾಏಕಿ ಅಳಿಸಬೇಕಿಲ್ಲ. ಸಾಧ್ಯವಾದಷ್ಟು ಬೇಗ ಅವರಿಗೆ ಹೊಸ ಸೂಚನಾಪತ್ರ ಕಳುಹಿಸಬೇಕು. ಅವರು ಹಿಂಪಡೆಯುವವರೆಗೆ ಬಳಕೆ ಮುಂದುವರಿಸಬಹುದು. ಆದರೆ ಎಂದೂ ಒಪ್ಪಿಗೆಯನ್ನೇ ಕೇಳದೆ ಯಾರದೋ ಮದುವೆಯ ಆಮಂತ್ರಣದ ಗುಂಪಿನಿಂದ ಎತ್ತಿಕೊಂಡ ಸಂಖ್ಯೆಗಳಿಗೆ ಈ ಅನುಕೂಲ ಸಿಗದು. ಅವನ್ನು ಈಗಲೇ ತೆಗೆದುಹಾಕಿ. ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಅವಧಿ 90 ದಿನ ಮೀರಬಾರದು. ಗ್ರಾಹಕರು ಮೊದಲು ನಿಮ್ಮ ಬಳಿ ದೂರು ಹೇಳಿಯೇ ಮಂಡಳಿಗೆ ಹೋಗಬೇಕಾದ್ದರಿಂದ, ಆ ಮೊದಲ ದೂರಿಗೆ ಸೌಜನ್ಯದಿಂದ ಉತ್ತರಿಸುವವರು ಒಬ್ಬರು ಅಂಗಡಿಯಲ್ಲಿರಲಿ.

ಕೊನೆಯ ಹೆಜ್ಜೆ: ನೀವೇ ಗ್ರಾಹಕರಾಗಿ ಪರೀಕ್ಷಿಸಿ

ಮನೆಯ ಹಿರಿಯರೊಬ್ಬರ ಫೋನ್ ತೆಗೆದುಕೊಂಡು, ಅವರ ಕೈಯಲ್ಲೇ ಒಂದು ಬಾಟಲಿ ಜೇನುತುಪ್ಪ ಆರ್ಡರ್ ಮಾಡಿಸಿ. ಸೂಚನಾಪತ್ರವನ್ನು ಅವರೇ ಗಟ್ಟಿಯಾಗಿ ಓದಲಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಗುರುತು ಹಾಕಿಕೊಂಡು ಮತ್ತೆ ಬರೆಯಿರಿ. ಸಂದೇಶಕ್ಕೆ ಒಪ್ಪಿಗೆ ಕೊಡಿಸಿ, ಎರಡು ದಿನ ಬಿಟ್ಟು ಹಿಂಪಡೆಸಿ, ಕೊಡಲು ಎಷ್ಟು ಬಾರಿ ಒತ್ತಬೇಕಾಯಿತು, ಹಿಂಪಡೆಯಲು ಎಷ್ಟು ಬಾರಿ ಎಂದು ಎಣಿಸಿ. ದಾಖಲೆಯಲ್ಲಿ ಎರಡೂ ಸಾಲುಗಳು ಸರಿಯಾದ ಸಮಯದೊಂದಿಗೆ ಬಂದಿವೆಯೇ ನೋಡಿ. ಆಮೇಲೆ ಮುಂದಿನ ಹಬ್ಬದವರೆಗೆ ಕಾಯಿರಿ. ಹಬ್ಬದ ಮುನ್ನಾದಿನ ಅಂಗಡಿಯ ಪ್ರಚಾರದ ಸಂದೇಶ ಆ ಫೋನಿಗೆ ಬಂದರೆ, ಪಟ್ಟಿಯ ಇನ್ನೊಂದು ಪ್ರತಿ ಯಾರದೋ ಎಕ್ಸೆಲ್ ಹಾಳೆಯಲ್ಲಿಯೋ ಬ್ರಾಡ್‌ಕಾಸ್ಟ್ ಗುಂಪಿನಲ್ಲಿಯೋ ಉಳಿದಿದೆ ಎಂದರ್ಥ. ಮೊದಲ ಹೆಜ್ಜೆಯ ಆ ಉದ್ದನೆಯ ಹಾಳೆಯನ್ನು ಮತ್ತೆ ಬಿಚ್ಚಿ, ಬಿಟ್ಟುಹೋದ ಸಾಲನ್ನು ಸೇರಿಸಿ.